ಗುಡ್ಡಕ್ಕೆ ಬಿಗಿದ ಉಕ್ಕು ಎಷ್ಟು ವರ್ಷ ಹಿಡಿದೀತು?

ದೇವನಹಳ್ಳಿಗೆ ಹತ್ತಿರದ ನಂದಿಬೆಟ್ಟದಲ್ಲಿ 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಸಂಪರ್ಕ ಕಡಿದುಹೋಗಿತ್ತು. ನಮ್ಮ ಕರಾವಳಿಯಲ್ಲಿ, ಅಂಕೋಲಾದ ಶಿರೂರಿನಲ್ಲಿ, 2024ರ ಜುಲೈ 16ರಂದು ಹೆದ್ದಾರಿ ಬದಿಯ ಗುಡ್ಡ ಜೀವಗಳನ್ನೇ ಬಲಿ ಪಡೆಯಿತು.

ಇಂಥ ಕಡೆ ಬಂಡೆಯವರೆಗೆ ಕೊರೆದು, ಉಕ್ಕಿನ ತಂತಿಗಳನ್ನು ಎಳೆದು ಬಿಗಿದು ಗುಡ್ಡವನ್ನು ಹಿಡಿದಿಡುವುದು ಒಂದು ಪರಿಹಾರ. ಆದರೆ ಆ ಬಿಗಿತ ಶಾಶ್ವತವಲ್ಲ. ಉಕ್ಕು ಸಡಿಲಗೊಳ್ಳುತ್ತದೆ, ಮಣ್ಣು ಕುಗ್ಗುತ್ತದೆ, ನೀರು ತಗಲಿದರೆ ತುಕ್ಕು ಹಿಡಿಯುತ್ತದೆ. ಬಿಗಿತ ಆರಂಭದಲ್ಲಿ ಬೇಗ ಇಳಿದು ಬಳಿಕ ನಿಧಾನವಾಗುವುದರಿಂದ, ಮೊದಲ ತಿಂಗಳುಗಳ ಅಳತೆಯಿಂದ ಮುಂದಿನ ದಶಕಗಳ ಇಳಿಕೆಯನ್ನು ಅಂದಾಜಿಸಬಹುದು. ಅಂದಾಜಿಗಿಂತ ಬೇಗ ಇಳಿದರೆ ಹಿಡಿತ ಸೋಲುತ್ತಿದೆ. ಮಳೆಗಾಲದಲ್ಲಿ ಏರುತ್ತಲೇ ಹೋದರೆ ಗುಡ್ಡವೇ ಜರುಗುತ್ತಿರಬಹುದು.

ಆದ್ದರಿಂದ ಉದ್ಘಾಟನೆಯೊಂದಿಗೆ ಕೆಲಸ ಮುಗಿಯದು. ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯ ಬಾರಿ ಅಳೆದದ್ದು ಯಾವಾಗ?