ಓದಲಾಗದ ಬೇನೆ

ಮಹಾಕೂಟದ ವಿಷ್ಣುಪುಷ್ಕರಿಣಿಯಲ್ಲಿ ಮೀಯಬರುವವರಲ್ಲಿ, ವೈದ್ಯರಿಂದ ‘ಏನೂ ಇಲ್ಲ, ಬರಿಯ ಚಿಂತೆ’ ಎನ್ನಿಸಿಕೊಂಡ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಈ ಮಾತು ಹಳೆಯದು. ‘ಹಿಸ್ಟೀರಿಯಾ’ ಎಂಬುದರ ಮೂಲವೇ ಗರ್ಭಕೋಶವನ್ನು ಹೇಳುವ ಗ್ರೀಕ್ ಶಬ್ದ.

ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಬೇನೆ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಅದುಂಟು; ಸಾಧಾರಣ ಸ್ಕ್ಯಾನಿನಲ್ಲಿ ಕಾಣದೆಯೂ ಹೋದೀತು.

ಚಾಲುಕ್ಯ ಮಂಗಳೇಶನ ಮಹಾಕೂಟ ಸ್ತಂಭಶಾಸನ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಅಂಥ ಶಾಸನದಲ್ಲಿ ಅಕ್ಷರವೊಂದು ತಿಳಿಯದಿದ್ದರೆ ಬಲ್ಲವರು ಕಲ್ಲು ಬರಿದೆನ್ನುವುದಿಲ್ಲ. ಆ ವಿನಯ ವೈದ್ಯರಿಗೂ ಬೇಕು. ಚಿಂತೆಯೂ ರೋಗವಾದೀತು, ಆದರೆ ಆ ನಿರ್ಣಯ ಪರೀಕ್ಷೆಯ ಬಳಿಕ ಬರಲಿ. ‘ನನಗಿನ್ನೂ ತಿಳಿದಿಲ್ಲ’ ಎಂದರೆ ರೋಗಿ ಇನ್ನೊಬ್ಬರನ್ನಾದರೂ ಕಂಡಾಳು.