ಹೊಕ್ಕುಳ ಬಳಿಯ ಗಂಟೆಲ್ಲ ಟಿಬಿಯಲ್ಲ

ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಆಪರೇಷನ್. ಎರಡು ದಿನಕ್ಕೆ ಮನೆ, ವಾರ ಕಳೆಯುವಷ್ಟರಲ್ಲಿ ಗಾಯವೂ ಮಾಯುತ್ತದೆ. ಮೂರು ನಾಲ್ಕು ವಾರದ ಮೇಲೆ ಹೊಕ್ಕುಳ ಪಕ್ಕದ ಅದೇ ಸಣ್ಣ ಗಾಯದಲ್ಲಿ ಗಂಟು ಏಳುತ್ತದೆ, ಒಡೆದು ತೆಳ್ಳಗಿನ ಕೀವು ಸೋರುತ್ತದೆ. ಜ್ವರವಿಲ್ಲ. ಮಾಮೂಲಿ ಆಂಟಿಬಯೋಟಿಕ್‌ಗೆ ಜಗ್ಗುವುದೂ ಇಲ್ಲ. ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಡ್ಡಿಗಳಂಥ ಬ್ಯಾಕ್ಟೀರಿಯಾ ಕಾಣುತ್ತವೆ. ಎಷ್ಟೋ ಕಡೆ ಅಷ್ಟಕ್ಕೇ ಟಿಬಿ ಎಂದು ತೀರ್ಮಾನಿಸಿ ತಿಂಗಳುಗಟ್ಟಲೆಯ ಮಾತ್ರೆ ಶುರುಮಾಡುತ್ತಾರೆ.

ಈ ಆತುರ ನಿಲ್ಲಬೇಕು.

ಕ್ಷಯದ ರೋಗಾಣುವಿನ ಕುಲಕ್ಕೇ ಸೇರಿದ, ಆದರೆ ಕ್ಷಯ ತಾರದ ಮೈಕೋಬ್ಯಾಕ್ಟೀರಿಯಾಗಳು 190ಕ್ಕೂ ಹೆಚ್ಚಿವೆ. ವೈದ್ಯರು ಇವನ್ನು ಎನ್‌ಟಿಎಂ ಎನ್ನುತ್ತಾರೆ. ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ, ಪೈಪಿನ ಒಳಗೋಡೆಯ ಲೋಳೆಯಲ್ಲಿ ಇವು ಬದುಕುತ್ತವೆ. ಬಣ್ಣ ಹಾಕಿದಾಗ ಎರಡೂ ಒಂದೇ ಥರ ಕಾಣುತ್ತವೆ, ಔಷಧ ಮಾತ್ರ ಬೇರೆ. ಇಂಥ ಗಾಯಗಳಲ್ಲಿ ಸಿಗುವ ಫಾರ್ಚುಯಿಟಮ್, ಚೆಲೋನಿ, ಆಬ್ಸೆಸಸ್ ಎಂಬ ಎನ್‌ಟಿಎಂಗಳಿಗೆ ಟಿಬಿಯ ಮಾಮೂಲಿ ಮಾತ್ರೆಗಳು ತಟ್ಟುವುದಿಲ್ಲ. ಕ್ಲಾರಿಥ್ರೋಮೈಸಿನ್, ಅಮಿಕಾಸಿನ್‌ನಂಥವುಗಳಲ್ಲಿ ಯಾವುದು ನಾಟುತ್ತದೆ ಎಂಬುದನ್ನು ಕಲ್ಚರ್ ವರದಿ ಹೇಳಬೇಕು. ಕೀವಿನಲ್ಲಿ ಕೆಂಪು ಕಡ್ಡಿ ಕಂಡು, ಸಿಬಿನ್ಯಾಟ್ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದರೆ ಎನ್‌ಟಿಎಂ ಶಂಕೆ ಗಟ್ಟಿಯಾಗುತ್ತದೆ. ಫಾರ್ಚುಯಿಟಮ್ ಮೊದಲಾದ ಆ ಮೂರೂ ಬೇಗ ಬೆಳೆಯುವ ಜಾತಿಯವು, ಕಲ್ಚರ್‌ನಲ್ಲಿ ಸಾಮಾನ್ಯವಾಗಿ ವಾರದೊಳಗೆ ಕಾಣಿಸಿಕೊಳ್ಳುತ್ತವೆ. ಅಷ್ಟು ದಿನ ಕಾಯುವುದು ದೊಡ್ಡ ಮಾತೇನಲ್ಲ.

ಇನ್ನೂ ನೋವಿನ ಸಂಗತಿಯೆಂದರೆ, ಈ ಸೋಂಕಿನಲ್ಲಿ ಬಹುಪಾಲು ತಪ್ಪಿಸಬಹುದಾದದ್ದು. ಲ್ಯಾಪರೊಸ್ಕೋಪಿ ಉಪಕರಣಗಳು ಉದ್ದ, ಟೊಳ್ಳು; ಕೀಲುಗಳ ಸಂದಿನಲ್ಲಿ ರಕ್ತ, ಮಾಂಸದ ಚೂರು ಉಳಿಯುತ್ತವೆ. ಒಂದು ಆಪರೇಷನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಇಪ್ಪತ್ತು ನಿಮಿಷ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸಿಡುವ ರೂಢಿಯಿದೆ. ಪೂರ್ತಿ ಕ್ರಿಮಿಶುದ್ಧಿಗೆ ಅದೇ ದ್ರಾವಣದಲ್ಲಿ ಗಂಟೆಗಟ್ಟಲೆ ನೆನೆಯಬೇಕು. ಕೊನೆಗೆ ನಲ್ಲಿ ನೀರಿನಲ್ಲಿ ಜಾಲಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ನೀರಿನಿಂದ ಬರುವ ಈ ಅಪಾಯ ಲ್ಯಾಪರೊಸ್ಕೋಪಿಗಷ್ಟೇ ಸೀಮಿತವಲ್ಲ. ಜ್ಯೂರಿಕ್‌ನಲ್ಲಿ ತೆರೆದ ಹೃದಯ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ವರ್ಷಗಳ ನಂತರ ಕಿಮೇರಾ ಎಂಬ ಎನ್‌ಟಿಎಂ ಸೋಂಕು ಕಾಣಿಸಿತು. ರಕ್ತದ ಉಷ್ಣತೆ ಕಾಯುವ ಯಂತ್ರದ ನೀರಿನ ತೊಟ್ಟಿಯಲ್ಲಿ ರೋಗಾಣು ಸಿಕ್ಕಿತು. ಆ ನೀರು ರೋಗಿಯ ರಕ್ತವನ್ನು ಮುಟ್ಟುವುದೇ ಇಲ್ಲ. ಯಂತ್ರದಿಂದ ಹೊರಟ ಗಾಳಿಯಲ್ಲಿನ ಸೂಕ್ಷ್ಮ ಹನಿಗಳು ಎದೆಗೆ ಇಳಿದಿದ್ದವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ಆಸ್ಪತ್ರೆಗಳನ್ನೂ ರೋಗಿಗಳನ್ನೂ ಎಚ್ಚರಿಸಿತು.

ನಮ್ಮಲ್ಲಿ ಕ್ಷಯದ ಪ್ರಕರಣಗಳನ್ನು ಖಾಸಗಿ ವೈದ್ಯರೂ ವರದಿ ಮಾಡಬೇಕೆಂಬ ಆದೇಶ 2012ರಲ್ಲೇ ಬಂತು. ಒಂದೇ ಆಪರೇಷನ್ ಥಿಯೇಟರಿನಿಂದ ಎನ್‌ಟಿಎಂ ಸೋಂಕಿನ ಎರಡನೇ ಗಾಯ ಬಂದರೆ ಅದನ್ನೂ ಜಿಲ್ಲಾ ಆರೋಗ್ಯಾಧಿಕಾರಿಗೆ ತಿಳಿಸುವುದು ಕಡ್ಡಾಯವಾಗಲಿ, ಅಲ್ಲಿನ ನೀರು, ದ್ರಾವಣ, ಉಪಕರಣಗಳ ಪರೀಕ್ಷೆ ಆ ವಾರವೇ ನಡೆಯಲಿ.