ಪರದೇಶದ ರೈಲು: ಮುಂಗಡ ಟಿಕೇಟೋ, ನಿಲ್ದಾಣದ ಟಿಕೇಟೋ?

ಮಗ ಜರ್ಮನಿಯಲ್ಲಿ, ಮಗಳು ಲಂಡನ್ನಿನಲ್ಲಿ ನೆಲೆಸಿರುವ ಮನೆಗಳು ಇಂದು ನಮ್ಮಲ್ಲಿ ಅಪರೂಪವಲ್ಲ. ಮಕ್ಕಳನ್ನು ಕಾಣಲೆಂದು ಹೊರಟ ತಂದೆತಾಯಿಗಳು ಅಲ್ಲಿಯ ನಾಲ್ಕು ಊರುಗಳನ್ನು ನೋಡಿಬರಲು ಬಯಸುವುದು ಸಹಜ. ಯುರೋಪಿನಲ್ಲಿ ಊರಿಂದೂರಿಗೆ ಹೋಗಲು ರೈಲು ಸುಗಮ ಸಾಧನ. ಆಗ ಏಳುವ ಪ್ರಶ್ನೆ ಇದು: ಟಿಕೇಟನ್ನು ಇಲ್ಲಿಂದಲೇ ಕಾಯ್ದಿರಿಸಬೇಕೆ, ಇಲ್ಲವೆ ಅಲ್ಲಿಯ ನಿಲ್ದಾಣದಲ್ಲಿ ಕೊಂಡರೆ ಸಾಕೆ?

ನಮ್ಮ ರೂಢಿಯೆಲ್ಲ ಭಾರತದ ರೈಲಿನದು. ಇಲ್ಲಿ 120 ದಿನಗಳಿದ್ದ ಮುಂಗಡದ ಅವಧಿ 2024ರ ನವೆಂಬರ್ 1ರಿಂದ 60 ದಿನಗಳಿಗೆ ಇಳಿದಿದೆ. ತಡಮಾಡಿದವರಿಗೆ ವೇಟಿಂಗ್ ಲಿಸ್ಟೇ ಗತಿ. ಆದ್ದರಿಂದ ಮುಂಗಡವೆಂದರೆ ನಮಗೆ ಮುಖ್ಯವಾಗಿ ಸ್ಥಳದ ಭರವಸೆ. ಯುರೋಪಿನ ಅನೇಕ ರೈಲುಗಳಲ್ಲಿ ಮುಂಗಡದ ಲಾಭ ಹಣದ್ದು. ಅದಕ್ಕೆ ಪ್ರತಿಯಾಗಿ ನಾವು ತೆರುವುದು ನಮ್ಮ ಸ್ವಾತಂತ್ರ್ಯವನ್ನು. ಈ ವ್ಯತ್ಯಾಸವನ್ನು ಅರಿತರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು ಸಮೀಪದ ಊರುಗಳ ರೈಲುಗಳು. ಇಟಲಿಯ 'ರೆಜಿಯೊನಾಲೆ' ರೈಲುಗಳ ದರ ದೂರವನ್ನು ಅವಲಂಬಿಸಿದುದು. ತಿಂಗಳ ಮೊದಲು ಕೊಂಡರೂ ಹೊರಡುವ ಗಳಿಗೆಯಲ್ಲಿ ಕೊಂಡರೂ ಬೆಲೆ ಒಂದೇ, ಆಸನಸಂಖ್ಯೆಯೂ ಇಲ್ಲ. ಇಂತಲ್ಲಿ ಆತುರಪಡುವುದರಿಂದ ಪ್ರಯೋಜನವಿಲ್ಲ. ಆದರೆ ಅಲ್ಲಿ ಕೊಂಡ ಕಾಗದದ ಟಿಕೇಟಿಗೆ ರೈಲು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳುವುದನ್ನು ಮರೆಯಬಾರದು. ಮರೆತರೆ ದಂಡ ತೆರಬೇಕಾದೀತು. ಸ್ವಿಟ್ಜರ್ಲೆಂಡಿನಲ್ಲಿಯೂ ಹೆಚ್ಚಿನ ರೈಲುಗಳಿಗೆ ಆಸನ ಕಾಯ್ದಿರಿಸುವ ನಿರ್ಬಂಧವಿಲ್ಲ. ದೊಡ್ಡ ನಗರಗಳ ನಡುವೆ ಮೇಲಿಂದ ಮೇಲೆ ರೈಲುಗಳಿರುವುದರಿಂದ ಒಂದು ತಪ್ಪಿದರೆ ಮತ್ತೊಂದು ದೊರೆಯುತ್ತದೆ.

ವೇಗದ ರೈಲುಗಳ ಮಾತು ಬೇರೆ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, 1994ರಲ್ಲಿ ತೆರೆದ ಕಡಲ ಸುರಂಗದ ಮೂಲಕ ಲಂಡನ್ನಿನಿಂದ ಪ್ಯಾರಿಸ್ಸಿಗೆ ಓಡುವ ಯೂರೋಸ್ಟಾರ್ ಇವುಗಳಲ್ಲಿ ಆಸನ ಕಾಯ್ದಿರಿಸುವುದು ಕಡ್ಡಾಯ. ವಿಮಾನದ ಟಿಕೇಟಿನಂತೆ ಇವುಗಳ ಬೆಲೆಯೂ ದಿನ ಸಮೀಪಿಸಿದಂತೆ ಸಾಮಾನ್ಯವಾಗಿ ಏರುತ್ತದೆ. ಇಲ್ಲಿ ಮುಂಗಡವೇ ಲೇಸು. ಯೂರೋಸ್ಟಾರಿನಲ್ಲಿ ಹತ್ತುವ ಮುನ್ನವೇ ಪಾಸ್‌ಪೋರ್ಟ್ ತಪಾಸಣೆ ನಡೆಯುವುದರಿಂದ ಬೇಗನೆ ನಿಲ್ದಾಣ ಸೇರಬೇಕು.

ಜರ್ಮನಿಯದು ನಡುದಾರಿ. ಅಲ್ಲಿಯ ಐಸಿಇ ರೈಲುಗಳಲ್ಲಿ ಸಾಮಾನ್ಯವಾಗಿ ಆಸನ ಕಾಯ್ದಿರಿಸುವ ನಿರ್ಬಂಧವಿಲ್ಲ. 'ಶ್ಪಾರ್‌ಪ್ರೈಸ್' ಎಂಬ ಅಗ್ಗದ ಟಿಕೇಟು ನಿರ್ದಿಷ್ಟ ರೈಲಿಗೆ ಬದ್ಧ. 'ಫ್ಲೆಕ್ಸ್‌ಪ್ರೈಸ್' ದುಬಾರಿಯಾದರೂ ಆ ದಿನದ ಯಾವ ರೈಲಿಗಾದರೂ ನಡೆಯುತ್ತದೆ. ಇಂಗ್ಲೆಂಡಿನ 'ಅಡ್ವಾನ್ಸ್' ಟಿಕೇಟೂ ಒಂದೇ ರೈಲಿಗೆ ಕಟ್ಟುಬಿದ್ದದ್ದು. 'ಆಫ್ ಪೀಕ್' ಟಿಕೇಟಿನವರು ದಟ್ಟಣೆಯಿಲ್ಲದ ವೇಳೆಯ ರೈಲುಗಳಲ್ಲಿ ತಮಗೆ ಬೇಕಾದುದನ್ನು ಏರಬಹುದು.

ಇಲ್ಲಿಯೇ ಮಕ್ಕಳು ಯೋಚಿಸಬೇಕಾದ ಸಂಗತಿಯೊಂದಿದೆ. ಹಣ ಉಳಿಯಲೆಂದು ತಂದೆತಾಯಿಗಳು ವಿಮಾನದಿಂದಿಳಿದ ಎರಡು ಗಂಟೆಗೇ ಹೊರಡುವ ಅಗ್ಗದ ರೈಲನ್ನು ಕಾಯ್ದಿರಿಸುವವರುಂಟು. ವಿಮಾನ ತಡವಾದರೆ, ಪೆಟ್ಟಿಗೆ ಬರುವುದು ನಿಧಾನವಾದರೆ, ಆ ಟಿಕೇಟು ವ್ಯರ್ಥ. ಭಾಷೆಯರಿಯದ ನಾಡಿನಲ್ಲಿ, ಇರುಳೆಲ್ಲ ನಿದ್ದೆಗೆಟ್ಟ ಅರುವತ್ತೈದರ ಹಿರಿಯರು ಮೊಣಕಾಲು ನೋವಿನೊಡನೆ ಹೊಸ ಟಿಕೇಟಿಗಾಗಿ ಅಲೆಯಬೇಕಾಗುತ್ತದೆ. ಇಳಿದ ದಿನದ ಪಯಣಕ್ಕೆ ಬದಲಾಯಿಸಬಹುದಾದ ಟಿಕೇಟೇ ಇರಲಿ. ಉಳಿದ ದಿನಗಳಲ್ಲಿ ಬೇಕಾದಷ್ಟು ಉಳಿತಾಯ ಮಾಡಬಹುದು. ಯಾವ ಹೊತ್ತಿನ ರೈಲು ಅನುಕೂಲವೆಂದು ಹಿರಿಯರನ್ನೇ ಒಂದು ಮಾತು ಕೇಳುವುದೂ ಒಳಿತು. ಪಯಣ ಮಾಡುವವರು ಅವರು ತಾನೆ!

ಇನ್ನು ಕೆಲವು ಎಚ್ಚರಿಕೆಗಳು. ವೀಸಾ ಕೈಸೇರುವ ಮೊದಲು ಹಣ ಮರಳದ ಟಿಕೇಟನ್ನು ಕೊಳ್ಳಬಾರದು. ಹೆಸರು ನಮೂದಿಸಬೇಕಾದಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿಸಬೇಕು. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರುಗಳನ್ನು ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿ ಬರೆಯುವ ನಮ್ಮವರಿಗೆ ಈ ಮಾತು ಮುಖ್ಯ. ಟಿಕೇಟು ಮಗನ ಮೊಬೈಲಿನಲ್ಲಿದ್ದರೆ ಸಾಲದು. ಪಯಣಿಗರ ಕೈಯಲ್ಲಿಯೂ ಇರಬೇಕು. ಯೂರೇಲ್ ಪಾಸ್ ಕೊಂಡವರು ಟಿಜಿವಿ, ಯೂರೋಸ್ಟಾರ್‌ಗಳಿಗೆ ಬೇರೆ ಶುಲ್ಕ ತೆತ್ತು ಆಸನ ಕಾಯ್ದಿರಿಸಲೇಬೇಕೆಂಬುದನ್ನು ನೆನಪಿಡಬೇಕು.

ಒಟ್ಟಿನಲ್ಲಿ, ದೂರದ ವೇಗದ ರೈಲಿಗೆ ಮುಂಗಡ, ಸಮೀಪದ ರೈಲಿಗೆ ನಿಲ್ದಾಣ, ವಿಮಾನವಿಳಿದ ದಿನಕ್ಕೆ ಸಡಿಲಾದ ಟಿಕೇಟು. ಇಷ್ಟನ್ನು ಮನದಲ್ಲಿಟ್ಟುಕೊಂಡು ಹೊರಡುವ ಬಂಧುಗಳ ಪ್ರಯಾಣ ಸುಖಕರವಾಗಲೆಂದು ನಾವು ಹಾರೈಸುತ್ತೇವೆ.